ಶೇಕಡ ಸರಿ, ಮಕ್ಕಳೆಷ್ಟು?

ಮದ್ದೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮೂರ ಸರ್ಕಾರಿ ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದುಹೋಗಿದೆ. ಜನ ಟಿ.ಸಿ. ತಗೊಂಡು ಪೇಟೆಯ ಕಾನ್ವೆಂಟಿಗೆ ಸೇರಿಸ್ತಿದ್ದಾರೆ. ಎಂಟನೇ ತರಗತಿಗೆ ಸೇರಿದವರು ಬೆರಳೆಣಿಕೆ. ನಾನೂ ಮಗಳನ್ನು ಬಿಡಿಸಲೇ?’

ಬಿಡಿಸಿ ಅಂತಲೋ ಬೇಡ ಅಂತಲೋ ಇಲ್ಲಿ ಕೂತು ಹೇಳುವುದು ಸುಲಭ. ಹೇಳುವುದಿಲ್ಲ. ಆ ‘ಬಿದ್ದ’ ಫಲಿತಾಂಶವನ್ನು ಮೊದಲು ಸ್ವಲ್ಪ ಬಿಡಿಸಿ ನೋಡೋಣ.

2023ರಲ್ಲಿ ನಮ್ಮ ಮಂಡ್ಯ ಜಿಲ್ಲೆ ಶೇ. 96.74 ಪಡೆದು ರಾಜ್ಯಕ್ಕೇ ಎರಡನೆಯದು. ನಾವೂ ದಪ್ಪಕ್ಷರದಲ್ಲಿ ಹಾಕಿಕೊಂಡು ಬೀಗಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು, ನಕಲು ತಡೆಯೋಕೆ ದೂರದಿಂದಲೇ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಶುರುಮಾಡಿದರು. ಇಡೀ ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ! ಮಂಡ್ಯವೂ ಮೇಲಿನ ಸಾಲಿನಿಂದ ಜಾರಿತು. ಒಂದೇ ವರ್ಷದಲ್ಲಿ ಮೇಷ್ಟ್ರುಗಳು ಪಾಠ ಮರೆತರೇ? ಅಳೆಯುವ ಸೇರೇ ಬದಲಾದರೆ ರಾಗಿ ಕಮ್ಮಿ ಕಾಣದೆ ಇರುತ್ತದೆಯೇ?

ಇನ್ನೊಂದು ಲೆಕ್ಕ. ಹನ್ನೆರಡು ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಗಣಿತದಲ್ಲಿ ಹೋದರೆ ಶೇ. 8 ಹೋಯಿತು. ನೂರಿಪ್ಪತ್ತು ಮಕ್ಕಳಿರುವ ಕಡೆ ಅದು ಶೇ. 1 ಕೂಡ ಅಲ್ಲ. ಜೊತೆಗೆ, ಒಂಬತ್ತರಲ್ಲೇ ‘ನಿಮ್ಮ ಹುಡುಗನಿಗೆ ಬೇರೆ ಶಾಲೆ ನೋಡ್ಕೊಳ್ಳಿ’ ಅಂತ ಮೆಲ್ಲಗೆ ಸಾಗಹಾಕುವವರೂ ಇದ್ದಾರೆ. ಆ ಹುಡುಗ ಕೊನೆಗೆ ಬಂದು ಸೇರುವುದು ಊರ ಸರ್ಕಾರಿ ಶಾಲೆಗೇ ಅಲ್ವಾ?

ಹೋದ ವರ್ಷ ನಾಗಮಂಗಲದ ಕಡೆಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ತರಗತಿಯ ಮೊದಲ ಪೀರಿಯಡ್ಡಿಗೆ ಕೂತಿದ್ದೆ. ಪಾಠ ಅರ್ಧ ಆಗಿತ್ತು. ಒಬ್ಬ ಹುಡುಗ ಬಾಗಿಲಲ್ಲಿ ನಿಂತ. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಅಂಗಿ ಜೇಬಿನಲ್ಲಿ ಡೇರಿ ಚೀಟಿ. ‘ಹಾಲು ಹಾಕಿ ಹುಲ್ಲಿಗೂ ಹೋಗಿದ್ದೇನೋ?’ ಎಂದರು ಮೇಷ್ಟ್ರು. ಹುಡುಗ ತಲೆಯಾಡಿಸಿ ಕೊನೇ ಬೆಂಚಿಗೆ ಹೋದ. ಮೇಷ್ಟ್ರು ಬೋರ್ಡು ಒರೆಸಿ ಅದೇ ಲೆಕ್ಕವನ್ನು ಮೊದಲಿಂದ ಮಾಡಿದರು. ಇದು ಯಾವ ಶೇಕಡದಲ್ಲೂ ಬರುವುದಿಲ್ಲ.

ಹಾಗಂತ ಸರ್ಕಾರಿ ಶಾಲೆಯೆಲ್ಲ ಚಿನ್ನ ಎಂದು ಸುಮ್ನೆ ಹೊಗಳಲಾರೆ. ನನ್ನ ಭಯ ಬೇರೆ. ಮಕ್ಕಳು ಕಮ್ಮಿಯಾದರೆ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ, ಬೇರೆ ಕಡೆಗೆ ಹೋಗುತ್ತಾರೆ. ಗಣಿತಕ್ಕೆ ಜನ ಇಲ್ಲದೆ ಫಲಿತಾಂಶ ಬೀಳುತ್ತದೆ. ಇನ್ನೂ ನಾಲ್ಕು ಮಕ್ಕಳು ಬೆಳಗ್ಗೆ ಅರಳಿಕಟ್ಟೆ ಹತ್ತಿರ ಹಳದಿ ವ್ಯಾನು ಹತ್ತುತ್ತಾರೆ.

ಆದ್ದರಿಂದ ಟಿ.ಸಿ.ಗೆ ಅರ್ಜಿ ಬರೆಯುವ ಮೊದಲು ಹೆಡ್‌ಮೇಷ್ಟ್ರ ಕೊಠಡಿಗೆ ಒಮ್ಮೆ ಹೋಗಿ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಯಾರಿದ್ದಾರೆ? ಕಾಯಂ ಮೇಷ್ಟ್ರೋ, ಅತಿಥಿ ಶಿಕ್ಷಕರೋ? ಅತಿಥಿ ಆದರೆ ಯಾವ ತಿಂಗಳಲ್ಲಿ ಬಂದರು? ಎಂಟಕ್ಕೆ ಸೇರಿದವರಲ್ಲಿ ಎಷ್ಟು ಜನ ಹತ್ತರ ಪರೀಕ್ಷೆ ಬರೆದರು? ಇದೇ ಪ್ರಶ್ನೆಗಳನ್ನು ಕಾನ್ವೆಂಟಿನಲ್ಲೂ ಕೇಳಿ. ಅಲ್ಲಿ ಫೀಜು ಕಟ್ಟುತ್ತೀರಿ, ಕೇಳೋಕೆ ಸಂಕೋಚ ಯಾಕೆ?

ತಪ್ಪು ನಮ್ಮದೂ ಇದೆ. ವರ್ಷ ವರ್ಷ ಟಾಪರ್‌ಗಳ ಫೋಟೊ, ಶೇಕಡ, ಅಷ್ಟೇ ಹಾಕುತ್ತಾ ಬಂದಿದ್ದೇವೆ. ಮುಂದಿನ ಫಲಿತಾಂಶದ ಸಂಚಿಕೆಯಲ್ಲಿ ಎಂಟಕ್ಕೆ ಸೇರಿದವರ ಸಂಖ್ಯೆಯನ್ನೂ ಪರೀಕ್ಷೆ ಬರೆದವರ ಸಂಖ್ಯೆಯನ್ನೂ ಪಕ್ಕದಲ್ಲೇ ಹಾಕುತ್ತೇವೆ. ನಿಮ್ಮೂರ ಶಾಲೆಯದ್ದನ್ನು ನೀವೇ ಕೇಳಿ ಬರೆದು ಕಳಿಸಿ.

— ಸಂಪಾದಕ