ಪಾರ್ಕ್‌ನಲ್ಲೇ ಕಚ್ಚಿಕೊಂಡ ಗೇರು

ಪ್ರಶ್ನೆ: ವಾಸ್ಕೋದ ಮಂಗೋರ್ ಹಿಲ್‌ನ ಇಳಿಜಾರಿನಲ್ಲಿ ನನ್ನ ಹಳೆಯ ಆಟೋಮ್ಯಾಟಿಕ್ ಪಿಕಪ್ ನಿಂತಿದೆ. ಬ್ರೇಕ್ ಒತ್ತಿದರೂ ಗೇರು 'ಪಿ' (ಪಾರ್ಕ್) ಬಿಟ್ಟು ಕದಲುತ್ತಿಲ್ಲ. ಗ್ಯಾರೇಜಿಗೆ ಎಳೆಸಲು ನ್ಯೂಟ್ರಲ್‌ಗೆ ತರುವುದು ಹೇಗೆ?

ಉತ್ತರ: ಗೇರು ಬಿಡಿಸುವ ಮೊದಲು ಗಾಡಿಯನ್ನು ಹಿಡಿದು ನಿಲ್ಲಿಸಿ. ನ್ಯೂಟ್ರಲ್‌ಗೆ ಬಿದ್ದ ಕ್ಷಣವೇ ಅದು ಇಳಿಜಾರಿಗೆ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆಯಿರಿ, ಚಕ್ರಗಳ ಕೆಳಬದಿಗೆ ದಪ್ಪ ಕಲ್ಲು ಅಥವಾ ಮರದ ತುಂಡು ಕೊಡಿ. ಗಾಡಿಯ ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ಈಗ ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತಿ. ಹಿಂದಿನ ಬ್ರೇಕ್ ಲೈಟ್ ಹೊತ್ತಿತಾ ಅಂತ ಪಕ್ಕದಲ್ಲಿ ದೂರ ನಿಂತವರನ್ನು ಕೇಳಿ. ಹೊತ್ತದಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸಾಮಾನ್ಯವಾಗಿ ಆ ಲೈಟಿಗೆ ಹೋಗುವ ಸಿಗ್ನಲ್ಲೇ ಗೇರ್ ಲಿವರ್‌ನ ಬೀಗವನ್ನೂ ತೆಗೆಯುತ್ತದೆ. ಫ್ಯೂಸ್ ಸುಟ್ಟಿರಬಹುದು, ಇಲ್ಲವೇ ಪೆಡಲ್ ಮೇಲ್ಗಡೆಯ ಸ್ವಿಚ್ ಕೆಟ್ಟಿರಬಹುದು. ಫ್ಯೂಸ್ ಆಗಿದ್ದರೆ ಎಳೆಸುವ ಖರ್ಚೇ ಉಳಿಯಿತು. ಬ್ಯಾಟರಿ ಪೂರ್ತಿ ಇಳಿದಿದ್ದರೂ ಬೀಗ ತೆರೆಯುವುದಿಲ್ಲ.

ಸೀಟುಗಳ ನಡುವೆ ಲಿವರ್ ಇರುವ ಬಹಳಷ್ಟು ಗಾಡಿಗಳಲ್ಲಿ ಅದರ ಪಕ್ಕ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದನ್ನು ಎಬ್ಬಿಸಿ, ಬ್ರೇಕ್ ಒತ್ತಿಕೊಂಡೇ, ಒಳಗಿನ ಗುಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಅದುಮಿ ಲಿವರ್ ಅನ್ನು 'ಎನ್'ಗೆ ತನ್ನಿ. ಸ್ಟೀರಿಂಗ್ ಬಳಿ ಲಿವರ್ ಇದ್ದರೆ ದಾರಿ ಬೇರೆ, ಗಾಡಿಯ ಮ್ಯಾನುಯಲ್ ನೋಡಿ.

ಗುಂಡಿ ಅದುಮಿದರೂ ಬಾರದಿದ್ದರೆ? ನನಗೆ ಜಾಸ್ತಿ ಅನುಮಾನ ಇರುವುದು ಇಳಿಜಾರಿನ ಮೇಲೇ. 'ಪಿ'ಯಲ್ಲಿ ಗೇರ್‌ಬಾಕ್ಸ್ ಒಳಗಿನ ಒಂದು ಉಕ್ಕಿನ ಕೊಕ್ಕೆ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ 'ಪಿ'ಗೆ ಹಾಕಿ ಕಾಲು ತೆಗೆದಿದ್ದರೆ ಇಡೀ ಗಾಡಿಯ ಭಾರ ಆ ಕೊಕ್ಕೆಯ ಮೇಲೆ. ಲಿವರ್ ಜಗ್ಗಿದರೆ ಕೇಬಲ್ ಕಿತ್ತುಬರುತ್ತದೆ, ಅಷ್ಟೇ. ಕಲ್ಲುಗಳು ಹಾಗೇ ಇರಲಿ. ನೀವು ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತು, ಹ್ಯಾಂಡ್‌ಬ್ರೇಕ್ ಸಡಿಲಿಸಿ. ಇನ್ನೊಂದು ಗಾಡಿ ಮೇಲ್ಬದಿಯಿಂದ ಗಟ್ಟಿ ಪಟ್ಟಿ ಬಿಗಿದು ಎಳೆಯುವಾಗ ಮಾತ್ರ ಕಾಲು ಸಡಿಲಿಸಿ. ಒಂದೆರಡು ಇಂಚು ಮೇಲೆ ಬಂದರೆ ಸಾಕು, ಭಾರ ತಗ್ಗಿ ಕೊಕ್ಕೆ ಬಿಡುತ್ತದೆ. ಕೂಡಲೇ ಬ್ರೇಕ್ ಒತ್ತಿ, ಗುಂಡಿ ಅದುಮಿ ಲಿವರ್ ಅನ್ನು 'ಎನ್'ಗೆ ತನ್ನಿ. ಕೆಳಗಿನಿಂದ ಕೈಯಲ್ಲಿ ತಳ್ಳಿಸಬೇಡಿ, ದಯವಿಟ್ಟು.

ಲಿವರ್ 'ಎನ್'ಗೆ ಬಂದರೂ ಗಾಡಿ ಬಿಡದಿದ್ದರೆ ಕೇಬಲ್ ಕಳಚಿರಬಹುದು. ಆಗ ಗಾಡಿಯ ಕೆಳಗೆ ನುಗ್ಗಬೇಡಿ, ಮೆಕ್ಯಾನಿಕ್ ಬರಲಿ. ಎಳೆಸಲು ಫ್ಲಾಟ್‌ಬೆಡ್ (ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿ) ಕರೆಸಿ. ಇಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸ್‌ನ ಎಣ್ಣೆ ಪಂಪ್ ತಿರುಗುವುದಿಲ್ಲ. ನ್ಯೂಟ್ರಲ್‌ನಲ್ಲಿ ದೂರ ಎಳೆದರೆ ಗೇರ್‌ಬಾಕ್ಸೇ ಹೋಗುತ್ತದೆ.