ಕಾಲಿಗಿಂತ ಮೊದಲು ಮನಸ್ಸು ಸೋತರೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ದೂರದ ಓಟ, ಬೆಟ್ಟದ ಚಾರಣ, ಮನೋಬಲ. ಈ ಬಾರಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಎಂಟು ತಿಂಗಳಿಂದ ಓಡುತ್ತಿದ್ದೇನೆ. 5 ಕಿ.ಮೀ. ಸಲೀಸು. 10 ಕಿ.ಮೀ. ಓಡಲು ಹೊರಟಾಗಲೆಲ್ಲ ಆರನೆಯದೋ ಏಳನೆಯದೋ ಕಿಲೋಮೀಟರಿನಲ್ಲಿ ‘ಸಾಕು, ನಿಲ್ಲು’ ಎಂದು ಮನಸ್ಸು ಹಟ ಹಿಡಿಯುತ್ತದೆ. ನಿಂತ ಎರಡೇ ನಿಮಿಷಕ್ಕೆ ಇನ್ನೂ ಓಡಬಹುದಿತ್ತಲ್ಲ ಅನ್ನಿಸಿ ಬೇಸರವಾಗುತ್ತದೆ. ನನ್ನ ಮನಸ್ಸು ಅಷ್ಟು ದುರ್ಬಲವೇ?

ಉತ್ತರ: ಮನಸ್ಸನ್ನು ಬೈಯುವ ಮೊದಲು ನಿಮ್ಮ ಮೊದಲ ಎರಡು ಕಿಲೋಮೀಟರಿನ ವೇಗ ನೋಡಿಕೊಳ್ಳಿ. 5 ಕಿ.ಮೀ. ಓಡಿ ರೂಢಿಯಾದ ಕಾಲು 10 ಕಿ.ಮೀ.ಗೂ ಅದೇ ವೇಗದಲ್ಲೇ ಹೊರಡುತ್ತದೆ. ಆ ಸಾಲ ಏಳನೇ ಕಿಲೋಮೀಟರಿನಲ್ಲಿ ವಸೂಲಿಗೆ ಬರುತ್ತದೆ. ಆರಂಭದ 2 ಕಿ.ಮೀ.ಯನ್ನು ನಿಮಗೆ ಸಹಜ ಅನ್ನಿಸುವ ವೇಗಕ್ಕಿಂತ ಕಿಲೋಮೀಟರಿಗೆ 30 ಸೆಕೆಂಡು ನಿಧಾನ ಓಡಿ. ಅರ್ಧದಷ್ಟು ಜನರ ‘ಮನೋದೌರ್ಬಲ್ಯ’ ಇಷ್ಟಕ್ಕೇ ವಾಸಿಯಾದೀತು ಎಂಬುದು ನಮ್ಮ ಅಂದಾಜು.

ಉಳಿದದ್ದು ಶ್ರಮದ ಅನಿಸಿಕೆಗೆ ಸೇರಿದ್ದು. ‘ಇನ್ನಾಗದು’ ಎಂದು ನಿಲ್ಲುವ ಹೊತ್ತಿಗೆ ಸ್ನಾಯುಗಳು ಪೂರ್ತಿ ಬರಿದಾಗಿರುವುದಿಲ್ಲ. ಶ್ರಮ ಇಷ್ಟಾಯಿತು ಎಂದು ಮಿದುಳು ಹಾಕುವ ಲೆಕ್ಕ ಮಿತಿ ಮುಟ್ಟಿರುತ್ತದೆ. ವ್ಯಾಯಾಮ ವಿಜ್ಞಾನಿ ಸಮುವೆಲೆ ಮಾರ್ಕೋರಾ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. 16 ಮಂದಿ ಒಂದು ದಿನ 90 ನಿಮಿಷ ಕಂಪ್ಯೂಟರಿನ ಮುಂದೆ ಗಮನ ಬೇಡುವ ಕೆಲಸ ಮಾಡಿ, ಆಮೇಲೆ ಸುಸ್ತಾಗಿ ನಿಲ್ಲುವವರೆಗೂ ಸೈಕಲ್ ತುಳಿದರು. ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿ ತುಳಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ಕೈಬಿಟ್ಟರು. ಹೃದಯ, ಸ್ನಾಯುಗಳ ಅಳತೆಯಲ್ಲಿ ಇದಕ್ಕೆ ಕಾರಣ ಸಿಗಲಿಲ್ಲ. ಅದೇ ತುಳಿತ ಅವರಿಗೆ ಮೊದಲಿನಿಂದಲೂ ಹೆಚ್ಚು ಕಷ್ಟ ಅನ್ನಿಸಿತ್ತು. ಹಾಗಾಗಿ ಇಡೀ ದಿನ ತಲೆಕೆಡಿಸುವ ಕೆಲಸ ಮಾಡಿದ ಸಂಜೆ ನಿಮ್ಮ ಕಷ್ಟದ ಓಟ ಇಟ್ಟುಕೊಳ್ಳಬೇಡಿ. ಆ ಸಂಜೆಗೆ ಸಲೀಸಾದ ಓಟ ಸಾಕು.

ಶ್ರಮಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ವಾರಕ್ಕೆ ನಾಲ್ಕು ಓಟ ಅನ್ನೋಣ. ಎರಡು ಓಟ 3 ಅಥವಾ 4ರ ಅಂಕದಲ್ಲಿ ಇರಲಿ, ಅಂದರೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮೂರನೆಯದು ಉದ್ದದ ಓಟ. ವಾರಕ್ಕೆ 1 ಕಿ.ಮೀ.ಯಂತೆ ಬೆಳೆಸಿ, ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ನಾಲ್ಕನೆಯದು 40 ನಿಮಿಷ. ಮೊದಲ 25 ನಿಮಿಷ ಸಲೀಸು, ಕೊನೆಯ 15 ನಿಮಿಷ 7ರ ಅಂಕ. ಮನಸ್ಸಿಗೆ ನಿಜವಾದ ಪಾಠ ಆಗುವುದು ಈ 15 ನಿಮಿಷದಲ್ಲಿ. ವಾರಕ್ಕೆ ಒಂದು ಸಲ ಸಾಕು. ದಿನಾ ಮಾಡಿದರೆ ಗಟ್ಟಿತನ ಬರುವುದಿಲ್ಲ, ಓಟದ ಮೇಲೇ ಹೇವರಿಕೆ ಬರುತ್ತದೆ.

ನಿಲ್ಲಬೇಕೋ ಬೇಡವೋ ಎಂಬ ತೀರ್ಮಾನವನ್ನು ಸುಸ್ತಾದ ಹೊತ್ತಿಗೆ ಬಿಡಬಾರದು, ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಳ್ಳಿ: ‘ನಿಲ್ಲಬೇಕು ಅನ್ನಿಸಿದರೆ ಭುಜ ಸಡಿಲ ಬಿಟ್ಟು, ವೇಗ ಸ್ವಲ್ಪ ಇಳಿಸಿ, ಇಪ್ಪತ್ತು ಉಸಿರು ಎಣಿಸುತ್ತೇನೆ, ಆಮೇಲೆ ಯೋಚಿಸುತ್ತೇನೆ.’ ಇಪ್ಪತ್ತನೇ ಉಸಿರಿಗೆ ಆ ಅಲೆ ಸಾಮಾನ್ಯವಾಗಿ ಇಳಿದಿರುತ್ತದೆ. ಇಳಿಯದಿದ್ದರೆ ಒಂದು ನಿಮಿಷ ನಡೆದು ಮತ್ತೆ ಓಡಿ. ಇನ್ನೂ ಒಳ್ಳೆಯದೆಂದರೆ ಮೊದಲ 10 ಕಿ.ಮೀ.ಯನ್ನು ಆರಂಭದಿಂದಲೇ ‘9 ನಿಮಿಷ ಓಟ, 1 ನಿಮಿಷ ನಡಿಗೆ’ ಎಂದು ಗಡಿಯಾರ ನೋಡಿ ಮುಗಿಸುವುದು.

ತನ್ನೊಡನೆ ತಾನು ಆಡುವ ಮಾತಿಗೂ ಬಲವಿದೆ. ಮಾರ್ಕೋರಾ ಅವರೂ ಸೇರಿದ್ದ 2014ರ ಅಧ್ಯಯನದಲ್ಲಿ, ಎರಡು ವಾರ ಇಂಥ ಮಾತನ್ನು ಅಭ್ಯಾಸ ಮಾಡಿದವರು ಸುಸ್ತಾಗುವವರೆಗೆ ಸೈಕಲ್ ತುಳಿದ ಅವಧಿ ಶೇ 18ರಷ್ಟು ಹೆಚ್ಚಿತು. ‘ನನಗೆ ಸುಸ್ತೇ ಆಗಿಲ್ಲ’ ಎಂಬಂಥ ಸುಳ್ಳು ಬೇಡ, ಕಾಲು ಅದನ್ನು ತಕ್ಷಣ ಅಲ್ಲಗಳೆಯುತ್ತದೆ. ನಡುದಾರಿಗೆ ‘ಇದು ಗೊತ್ತಿರುವ ಸುಸ್ತು’, ಕೊನೆಗೆ ‘ದಮ್ಮಿದೆ, ನಡಿ’ ಎನ್ನುವಂಥ ಚಿಕ್ಕ, ನಿಜವಾದ ಮಾತು ಆರಿಸಿ, ಅಭ್ಯಾಸದ ದಿನಗಳಲ್ಲೇ ಬಾಯಿಗೆ ಕೂರಿಸಿಕೊಳ್ಳಿ. ಇನ್ನೊಂದು ಮಾತು. ಮನೆ ಮುಂದೆಯೇ ಹಾದುಹೋಗುವ ಸುತ್ತುಗಳನ್ನು ಬಿಟ್ಟು, 5 ಕಿ.ಮೀ. ಹೋಗಿ ಹಿಂತಿರುಗುವ ದಾರಿ ಹಿಡಿಯಿರಿ. ಗೇಟು ಕಣ್ಣೆದುರು ಬರದಿದ್ದರೆ ಒಳಗೆ ಹೋಗುವ ಆಸೆಯೂ ಬರುವುದಿಲ್ಲ.

ಪ್ರಶ್ನೆ: ಓಡುವಾಗ ಹಾಡು ಕೇಳಿದರೆ ಮನೋಬಲ ಬೆಳೆಯುವುದಿಲ್ಲವೇ?

ಉತ್ತರ: ಹಾಡು ಶ್ರಮದ ಅನಿಸಿಕೆಯನ್ನು ಸ್ವಲ್ಪ ಇಳಿಸುತ್ತದೆ. ಸಲೀಸಾದ ಓಟಕ್ಕೆ ಧಾರಾಳವಾಗಿ ಕೇಳಿ. 7ರ ಅಂಕದ ಆ 15 ನಿಮಿಷ ಮಾತ್ರ ಹಾಡಿಲ್ಲದೆ ಓಡಿ. ವಾಹನ ಓಡಾಡುವ ರಸ್ತೆಯಲ್ಲೂ ಕಾಡುದಾರಿಯಲ್ಲೂ ಕಿವಿ ಖಾಲಿ ಇರಬೇಕು.

ಪ್ರಶ್ನೆ: ‘ನೋವು ತಾಳಿಕೊಂಡರೆ ಗಟ್ಟಿಯಾಗುತ್ತೀಯ’ ಎನ್ನುತ್ತಾರೆ ಗೆಳೆಯರು. ಯಾವ ನೋವು ತಾಳಬೇಕು, ಯಾವುದಕ್ಕೆ ನಿಲ್ಲಬೇಕು? ತಣ್ಣೀರಲ್ಲಿ ಕೂರುವುದು, ನೀರು ಕುಡಿಯದೆ ಓಡುವುದು ಇವೆಲ್ಲ ಉಪಯೋಗವೇ?

ಉತ್ತರ: ತಾಳಬಹುದಾದ ನೋವು ಎರಡೂ ಕಾಲಲ್ಲಿ ಹರಡಿಕೊಂಡಿರುತ್ತದೆ, ಉರಿಯಂತೆ ಇರುತ್ತದೆ, ವೇಗ ಇಳಿಸಿದ ಒಂದೆರಡು ನಿಮಿಷಕ್ಕೆ ತಗ್ಗುತ್ತದೆ. ನಿಲ್ಲಬೇಕಾದ ನೋವನ್ನು ಬೆರಳ ತುದಿಯಿಂದ ತೋರಿಸಬಹುದು. ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ನೋವು, ಹೆಜ್ಜೆ ಹೆಜ್ಜೆಗೂ ಏರುವುದು, ರಾತ್ರಿ ಮಲಗಿದಾಗಲೂ ಇರುವುದು, ಇವು ಮೂಳೆ ಬಿರುಕುಬಿಡುತ್ತಿರುವ ಸೂಚನೆ. ಇದನ್ನು ತಾಳಿಕೊಂಡು ಓಡಿದವರು ವಾರಗಳ ವಿಶ್ರಾಂತಿಯ ಜಾಗದಲ್ಲಿ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಕುಂಟು ಶುರುವಾದರೆ, ಕೀಲು ಊದಿದರೆ ಆ ದಿನದ ಓಟ ಅಲ್ಲಿಗೆ ಮುಗಿಯಿತು. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಕಣ್ಣು ಕತ್ತಲೆ ಬಂದು ಬೀಳುವುದು ಇವಕ್ಕೆ ‘ನೋಡೋಣ’ ಎನ್ನಬೇಡಿ, ಆಂಬುಲೆನ್ಸ್ ಕರೆಯಿರಿ. ವಿಪರೀತ ಶ್ರಮದ ಮಾರನೇ ದಿನ ಸ್ನಾಯು ಊದಿ, ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೂ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಬಿಸಿಲಲ್ಲಿ ಜೊತೆಗಾರ ತೂರಾಡಿದರೆ, ಮಾತು ಅಸಂಬದ್ಧವಾದರೆ ಅದನ್ನು ಶಾಖಾಘಾತ ಎಂದೇ ತಿಳಿಯಿರಿ. ಬೆವರು ಬರುತ್ತಿದೆಯಲ್ಲ ಎಂದು ಸುಮ್ಮನಾಗಬೇಡಿ. ಓಡುವವರಿಗೆ ಬೆವರುತ್ತಿರುವಾಗಲೇ ಶಾಖಾಘಾತ ಆಗಬಹುದು. ಆಂಬುಲೆನ್ಸಿಗೆ ಫೋನ್ ಮಾಡಿಸಿ, ಅದು ಬರುವವರೆಗೆ ಕಾಯದೆ ಮೈಯೆಲ್ಲ ತಣ್ಣೀರಿನಲ್ಲಿ ಮುಳುಗಿಸಿ. ತೊಟ್ಟಿ ಇಲ್ಲದಿದ್ದರೆ ನೀರು ಸುರಿಯುತ್ತಾ ಗಾಳಿ ಬೀಸಿ. ಉಸಿರಾಟಕ್ಕೆ ಅಡ್ಡಿಯಾಗದಂತೆ ತಲೆಯನ್ನು ನೀರಿನಿಂದ ಮೇಲೆ ಹಿಡಿದುಕೊಂಡಿರಿ.

ನೀರು ಬಿಟ್ಟು ಓಡುವುದರಿಂದ ಲಾಭ ಏನೂ ಇಲ್ಲ. ದೇಹ ಬೇಗ ಬಿಸಿಯಾಗುತ್ತದೆ, ಹೃದಯ ಹೆಚ್ಚು ಬಡಿಯುತ್ತದೆ, ಅಭ್ಯಾಸದ ಗುಣಮಟ್ಟ ಕುಸಿಯುತ್ತದೆ. ಅತಿಯಾಗಿ ಕುಡಿಯುವುದೂ ಅಷ್ಟೇ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯ ಸೋಡಿಯಂ (ಉಪ್ಪಿನಂಶ) ಮಟ್ಟ ಇಳಿದಿತ್ತು. ಓಟದ ಅವಧಿಯಲ್ಲಿ ತೂಕ ಏರಿದವರಲ್ಲೇ ಇದು ಹೆಚ್ಚು. ಬಾಯಾರಿಕೆಯ ಮಾತು ಕೇಳಿ ಕುಡಿಯಿರಿ. ಉದ್ದದ ಓಟದ ಮೊದಲೂ ಆಮೇಲೂ ತೂಕ ನೋಡಿ. ಏರಿದ್ದರೆ ಕುಡಿದದ್ದು ಜಾಸ್ತಿ. ಶೇ 3ಕ್ಕಿಂತ ಹೆಚ್ಚು ಇಳಿದಿದ್ದರೆ ಮುಂದಿನ ಸಲ ಇನ್ನಷ್ಟು ಕುಡಿಯಬೇಕು.

ತಣ್ಣೀರು ಕಲಿಸುವುದು ಒಂದೇ ಪಾಠ: ಉಸಿರು ಹಿಡಿತ ತಪ್ಪಿದಾಗ ಅದನ್ನು ನಿಧಾನಕ್ಕೆ ಹಿಡಿತಕ್ಕೆ ತರುವುದು. ಆ ಪಾಠ ಬೇಕಿದ್ದವರು ಸ್ನಾನದ ಕೊನೆಯ 30 ಸೆಕೆಂಡು ಶವರ್ ತಣ್ಣಗೆ ತಿರುಗಿಸಿ, ಉಸಿರನ್ನು ಉದ್ದವಾಗಿ ಬಿಡುವುದನ್ನು ಕಲಿತರೆ ಸಾಕು. ಕೊರೆಯುವ ನೀರಿಗೆ ಧುಮುಕಿದರೆ ತಡೆಯಲಾಗದ ಏದುಸಿರು ಬರುತ್ತದೆ. ಆಗ ಬಾಯಿ ನೀರೊಳಗಿದ್ದರೆ ಈಜು ಬಲ್ಲವರೂ ಮುಳುಗುತ್ತಾರೆ. ಒಬ್ಬರೇ ಇಳಿಯಬೇಡಿ. ಹೃದಯದ ತೊಂದರೆ, ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗುವುದು ಬೇಡ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ದೂರದ ಓಟದ ತರಬೇತಿಯಲ್ಲಿದ್ದಾಳೆ. ವಿಶ್ರಾಂತಿ ಎಂದರೆ ಸೋಮಾರಿತನ ಅಂತ ಅವಳ ಕೋಚ್ ಹೇಳುತ್ತಾರಂತೆ. ಜ್ವರವಿದ್ದರೂ ಹೋಗುತ್ತಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಓಡುವ ಹುಡುಗಿಯರಿಗೆ ಇದು ಸಹಜವೇ?

ಉತ್ತರ: ಸಹಜವಲ್ಲ. ಈ ವಾರವೇ ವೈದ್ಯರಿಗೆ ತೋರಿಸಿ. ಮುಟ್ಟು ಮೂರು ತಿಂಗಳು ನಿಂತರೆ ಕಾರಣ ಹುಡುಕಲೇಬೇಕು. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಊಟ ಇಲ್ಲದಿದ್ದಾಗ ದೇಹ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಇದೂ ಒಂದು. ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದರೆ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ. ಕಬ್ಬಿಣಾಂಶವನ್ನೂ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಸೇರಿದಂತೆ, ಪರೀಕ್ಷೆ ಮಾಡಿಸಿ. ಜ್ವರದಲ್ಲಿ ಓಡುವುದನ್ನು ಇಂದೇ ನಿಲ್ಲಿಸಿ. ವೈರಸ್ ಸೋಂಕು ಹೃದಯದ ಸ್ನಾಯುವಿಗೆ ತಗುಲಿದ್ದರೆ ಆ ಶ್ರಮ ಪ್ರಾಣಕ್ಕೇ ಬರಬಹುದು.

ಬೆಳಿಗ್ಗೆ ಏಳುವ ಮೊದಲು ಅವಳೇ ನಾಡಿ ಎಣಿಸಿ ಡೈರಿಯಲ್ಲಿ ಬರೆಯಲಿ. ನಿದ್ದೆ, ಉತ್ಸಾಹ, ನೋವಿಗೆ ಒಂದೊಂದು ಅಂಕ ಕೊಡಲಿ. ಮಾಮೂಲಿಗಿಂತ 7–10 ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೇ ಉಳಿದರೆ ಅಭ್ಯಾಸ ಇಳಿಸಬೇಕು. ಕೋಚ್ ಜೊತೆ ವಾದಕ್ಕಿಳಿಯುವ ಬದಲು ವೈದ್ಯರ ಸೂಚನೆಯನ್ನು ಬರಹದಲ್ಲಿ ಕೊಡಿ. ಅದಕ್ಕೂ ಬಗ್ಗದ ಕೋಚ್ ಆದರೆ ಬೇರೆಯವರನ್ನು ಹುಡುಕಿ. ‘ಇವತ್ತು ನೋವಿದೆ’ ಎಂದು ಹೇಳಲು ಹೆದರುವ ಹುಡುಗಿಯನ್ನು ಗಟ್ಟಿಗಿತ್ತಿ ಎನ್ನಲು ನಾವು ಒಪ್ಪುವುದಿಲ್ಲ.

ಪ್ರಶ್ನೆ: ನಾವು ನಾಲ್ವರು ಬೆಟ್ಟ ಹತ್ತುತ್ತೇವೆ. ಹೋದ ಸಲ ಕತ್ತಲಲ್ಲಿ ಇಳಿಯಬೇಕಾಯಿತು. ಅರ್ಧಕ್ಕೆ ಹಿಂತಿರುಗುವುದು ಹೇಡಿತನ ಎನ್ನುತ್ತಾನೆ ಒಬ್ಬ. ಮುಂದಿನ ದಾರಿ ಹೋಗಿಬರಲು 14 ಕಿ.ಮೀ., 900 ಮೀಟರ್ ಏರು. ಹೇಗೆ ಯೋಜಿಸಬೇಕು?

ಉತ್ತರ: 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ 2 ಗಂಟೆ 48 ನಿಮಿಷ, ಏರಿಗೆ 1 ಗಂಟೆ 30 ನಿಮಿಷ, ಒಟ್ಟು 4 ಗಂಟೆ 18 ನಿಮಿಷ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ನಾಲ್ವರ ಗುಂಪು, ವಿಶ್ರಾಂತಿ, ಬೆನ್ನಿನ ಹೊರೆ ಸೇರಿ ಅರ್ಧದಷ್ಟು ಕೂಡಿಸಿ, ಆರೂವರೆ ಗಂಟೆ ಎಂದಿಟ್ಟುಕೊಳ್ಳಿ.

ಇನ್ನು ಹಿಂದಿನಿಂದ ಎಣಿಸಿ. ಸಂಜೆ 6:30ಕ್ಕೆ ಕತ್ತಲಾಗುವುದಾದರೆ 4:30ಕ್ಕೆ ಕೆಳಗಿರಬೇಕು. ಇಳಿಯಲು ಎರಡೂವರೆ ಗಂಟೆ ಹಿಡಿದರೆ ತಿರುಗುವ ಹೊತ್ತು ಮಧ್ಯಾಹ್ನ 2. ಬೆಳಿಗ್ಗೆ 8ಕ್ಕೆ ಹೊರಟರೆ ಹನ್ನೆರಡೂವರೆ ಸುಮಾರಿಗೆ ತುದಿಯಲ್ಲಿರುತ್ತೀರಿ, ಕೈಯಲ್ಲಿ ಒಂದೂವರೆ ಗಂಟೆ ಉಳಿದಿರುತ್ತದೆ. ‘2ಕ್ಕೆ ಎಲ್ಲಿದ್ದರೂ ತಿರುಗುತ್ತೇವೆ’ ಎಂದು ಹಿಂದಿನ ರಾತ್ರಿಯೇ ನಾಲ್ವರೂ ಒಪ್ಪಿ, ಮನೆಯಲ್ಲಿರುವ ಒಬ್ಬರಿಗೆ ತಿಳಿಸಿ. ತುದಿ ಇಪ್ಪತ್ತು ನಿಮಿಷದ ದೂರದಲ್ಲಿ ಕಾಣುತ್ತಿರುವಾಗ ಈ ಮಾತು ಉಳಿಸಿಕೊಳ್ಳುವುದು ಹತ್ತುವುದಕ್ಕಿಂತ ಕಷ್ಟ. ನಿಮ್ಮ ಗೆಳೆಯರಿಗೆ ಇದನ್ನೇ ಸವಾಲಾಗಿ ಕೊಡಿ. ದಣಿದ ತೊಡೆ ಇಳಿಜಾರಿನಲ್ಲಿ ಹೆಜ್ಜೆಯನ್ನು ತಡೆದು ಹಿಡಿಯಲಾರದು, ಗಮನವೂ ಸಡಿಲವಾಗಿರುತ್ತದೆ. ಜಾರಿ ಬೀಳುವುದು ಆಗಲೇ.

ಎಲ್ಲರಿಗಿಂತ ನಿಧಾನ ನಡೆಯುವವರು ಸಾಲಿನಲ್ಲಿ ಎರಡನೆಯವರಾಗಿರಲಿ, ಮುಂದಿನವರು ಅವರ ಉಸಿರಿಗೆ ಹೆಜ್ಜೆ ಹೊಂದಿಸಲಿ. ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗಲಿ. ಗುಂಪಿನಲ್ಲಿ ಕಾರಣವಿಲ್ಲದೆ ಸಿಡಿಮಿಡಿ ಶುರುವಾದರೆ ಮೊದಲು ಕೂತು ತಿನ್ನಿ, ಆಮೇಲೆ ದಾರಿಯ ಚರ್ಚೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಏರುವುದನ್ನು ಬಿಟ್ಟು ಬಯಲಿನಿಂದ, ದಿಬ್ಬದಿಂದ ಕೆಳಗಿಳಿಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಒಬ್ಬೊಬ್ಬರಿಗೂ ಒಂದು ಹೆಡ್‌ಲ್ಯಾಂಪ್, ಬೇರೆ ಬ್ಯಾಟರಿ, ಒಂದು ಸೀಟಿ ಇರಲಿ. ನಾಲ್ವರಿಗೆ ಒಂದೇ ಟಾರ್ಚ್ ಸಾಲದು. ಅಪಾಯದ ಕರೆ ಎಂದರೆ ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಮೌನ, ಮತ್ತೆ ಆರು. ಅತ್ತಲಿಂದ ನಿಮಿಷಕ್ಕೆ ಮೂರು ಕೇಳಿಸಿದರೆ ನಿಮ್ಮ ಕರೆ ತಲುಪಿದೆ. ಆದರೂ ಅವರು ನಿಮ್ಮ ಬಳಿ ಬರುವವರೆಗೆ ಇದ್ದಲ್ಲೇ ಇದ್ದು ಊದುತ್ತಿರಿ.