ಹೊಳೆದಂಡೆಯ ಪೊದೆ ಕಡಿಸಲೇ?

ಪ್ರಶ್ನೆ: ಮೇಡಂ, ನಮ್ಮದು ಮೂಲ ಇಂಡಿ ತಾಲ್ಲೂಕು, ಇಪ್ಪತ್ತು ವರ್ಷದಿಂದ ಪುಣೆಯ ಕೋಥ್ರೂಡಿನಲ್ಲಿದ್ದೇವೆ. ಹೋದ ವರ್ಷ ಮಾವಳದಲ್ಲಿ ಇಂದ್ರಾಯಣಿ ದಂಡೆಗೆ ಒಂದೂವರೆ ಎಕರೆ ತಗೊಂಡೆವು. ನದಿ ಕಡೆಗೆಲ್ಲ ಪೊದೆ, ಮುಳ್ಳು, ನಾಲ್ಕಾರು ಹಳೇ ಮರ. ಜೆಸಿಬಿ ಹಚ್ಚಿ ಸಾಫ್ ಮಾಡಿ ಕಲ್ಲಿನ ಗೋಡೆ ಕಟ್ಟದಿದ್ದರೆ ಮಣ್ಣು ಕೊಚ್ಚಿ ಹೋಗ್ತದೆ ಅಂತಾರೆ ಗುತ್ತಿಗೆದಾರರು. ನನಗೆ ಕಾಡೇ ಇರಲಿ ಅಂತ ಆಸೆ. ಯಾವ ಗಿಡ ಹಚ್ಚಲಿ?

ಉತ್ತರ: ಜೆಸಿಬಿಗೆ ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ. ನಿಮ್ಮ ಮಣ್ಣನ್ನು ಹಿಡಿದಿಟ್ಟಿರುವುದೇ ಆ ಪೊದೆ. ಗೋಡೆಗೆ ಬಡಿದ ನೀರು ಅದರ ಬುಡ ಕೊರೆಯುತ್ತದೆ, ಇಲ್ಲವೇ ಕೆಳಗಿನವರ ದಂಡೆ ತಿನ್ನುತ್ತದೆ. ಅಂದಹಾಗೆ, ನಿಮ್ಮ ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಮಾವಳದಲ್ಲಿ ಬಿಟ್ಟ ಮಣ್ಣು ಎಂದೋ ನಿಮ್ಮ ತವರಿನ ಕಡೆಗೇ ಹೊರಟೀತು.

ಗಿಡದ ಪಟ್ಟಿಗೆ ಮೊದಲು ನನ್ನ ಪೆದ್ದುತನ ಕೇಳಿ. ಭೋರ್ ಕಡೆ, ನೀರಾ ನದಿಗೆ ಸೇರುವ ಹಳ್ಳದ ಪಕ್ಕ ನನ್ನದೊಂದು ತುಂಡು ಜಮೀನಿದೆ. ಮೊದಲ ವರ್ಷ ಮುನ್ನೂರು ಸಸಿ ನೆಟ್ಟೆ. ಸಾಲು ಹಿಡಿದು, ಕೋಲು ಕಟ್ಟಿ, ಫೋಟೋನೂ ತೆಗೆಸಿಕೊಂಡೆ. ಜುಲೈನ ಒಂದೇ ರಾತ್ರಿಯ ನೆರೆಗೆ ಹದಿನೇಳು ಉಳಿದವು. ಮುನಿಸಿಕೊಂಡು, ದನ ನುಗ್ಗದಂತೆ ಬೇಲಿ ಹಾಕಿ ಸುಮ್ಮನಾದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಿ ಹಿಕ್ಕೆಯಿಂದ ಅತ್ತಿ, ನೇರಳೆ ಎದ್ದವು. ನೀರು ತಂದ ಕಾಯಿಂದ ಹೊಂಗೆ ಬಂತು. ಒಂದಕ್ಕೂ ನಾನು ನೀರು ಹಾಕಿಲ್ಲ.

ಹಾಗಾಗಿ ನೀವೂ ಬೇಲಿ ಹಾಕಿ ಒಂದು ಮಳೆಗಾಲ ಕಾಯಿರಿ. ನೆರೆ ಇಳಿದ ಮೇಲೆ ಕೊಂಬೆಗಳಲ್ಲಿ ಸಿಕ್ಕಿಬಿದ್ದ ಕಸಕಡ್ಡಿ ನೋಡಿದರೆ ನೀರು ಎಲ್ಲಿಯವರೆಗೆ ಏರಿತ್ತು ಗೊತ್ತಾಗುತ್ತದೆ. ಬರಿದಾಗಿ ಉಳಿದ ಕಡೆಗೆ ಮಾತ್ರ ನೆಡಿ. ನೀರಂಚಿಗೆ ಲಕ್ಕಿ (ಅಲ್ಲಿನವರು ನಿರ್ಗುಡಿ ಅಂತಾರೆ), ವಾಳುಂಜ (ನೀರಂಚಿನಲ್ಲಿ ಬೆಳೆಯುವ ವಿಲ್ಲೋ ಜಾತಿಯ ಮರ). ಎರಡೂ ಮಣ್ಣು ಹಸಿ ಇರುವಾಗ ಕಡ್ಡಿ ಊರಿದರೆ ಚಿಗುರುತ್ತವೆ. ಅದರ ಮೇಲಿನ ಸಾಲಿಗೆ ಹೊಳೆಮತ್ತಿ, ಹೊಂಗೆ, ಅತ್ತಿ, ಹೊಳೆದಾಸವಾಳ. ಕೊನೆಯದು ಮರಾಠಿಯ ತಾಮಣ, ಮಹಾರಾಷ್ಟ್ರದ ರಾಜ್ಯಪುಷ್ಪ. ಲಂಟಾನ, ಸುಬಾಬುಲ್ ತೆಗೆಯಬೇಕು ನಿಜ, ಆದರೆ ಇಳಿಜಾರಿನಲ್ಲಿ ಒಂದೇ ಸಲ ಬೋಳಿಸಬೇಡಿ. ಹತ್ತು ಹೆಜ್ಜೆ ಜಾಗ ಬಿಡಿಸಿ, ಅಲ್ಲಿ ನಮ್ಮ ಗಿಡ ಬೇರೂರಿದ ಮೇಲೆ ಮುಂದಿನ ಹತ್ತು ಹೆಜ್ಜೆ. ಗುಲ್‌ಮೊಹರ್, ಹುಲ್ಲುಹಾಸು ಬೇಕಿದ್ದರೆ ಮನೆ ಮುಂದೆ ಮಾಡಿಕೊಳ್ಳಿ.

ಇನ್ನು ಕಾನೂನು. ನದಿಯ ಪಾತ್ರ ಸರ್ಕಾರದ್ದು, ಅಲ್ಲಿಗೆ ನಿಮ್ಮ ಬೇಲಿ ಇಳಿಯಬಾರದು. ನೇರಳೆ, ಮತ್ತಿಯಂಥ ಮರಗಳನ್ನು ಸ್ವಂತ ಜಮೀನಿನಲ್ಲೂ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಮಹಾರಾಷ್ಟ್ರದಲ್ಲಿ 1964ರ ಕಾಯ್ದೆಯಿದೆ. ನದಿಯ ನೆರೆ ನಕ್ಷೆಯಲ್ಲಿ ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವಂಥ ನೆರೆಯದು, ಕೆಂಪು ಗೆರೆ 100 ವರ್ಷಕ್ಕೊಮ್ಮೆಯದು. ನೀಲಿಯ ಒಳಗೆ ಕಟ್ಟಡದ ಯೋಚನೆಯೇ ಬೇಡ. ನಿಮ್ಮ ಗುತ್ತಿಗೆದಾರರಿಗೆ ಇದನ್ನೂ ತೋರಿಸಿ.

ಪ್ರಶ್ನೆ: ಜಮೀನಿನಲ್ಲಿ ಕಾಡು ಬೆಳೆಸಿದರೆ ಸರ್ಕಾರ ಕಿತ್ತುಕೊಳ್ಳುತ್ತದೆ ಅಂತ ನಮ್ಮ ಯಜಮಾನರಿಗೆ ಹೆದರಿಕೆ. ನಿಜವೇ?

ಉತ್ತರ: ಆ ಹೆದರಿಕೆಯ ಮೂಲ ಮಹಾರಾಷ್ಟ್ರದ ಖಾಸಗಿ ಅರಣ್ಯ ಸ್ವಾಧೀನ ಕಾಯ್ದೆ. 1975ರ ಆಗಸ್ಟ್ 30ರಂದು ಸರ್ಕಾರದ ಪಾಲಾದದ್ದು ಆಗಲೇ ಖಾಸಗಿ ಅರಣ್ಯವಾಗಿದ್ದ ಜಮೀನು. ಯಜಮಾನರ ಜೊತೆ ವಾದ ಮಾಡುವ ಬದಲು ತಲಾಠಿ (ಗ್ರಾಮ ಲೆಕ್ಕಿಗರ) ಕಚೇರಿಗೆ ಹೋಗಿ. ಸಾತ್‌ಬಾರಾ ಉತಾರದಲ್ಲಿ (ನಮ್ಮ ಪಹಣಿ ಇದ್ದಂತೆ) 'ಇತರ ಹಕ್ಕು' ಕಾಲಂ ಇರುತ್ತದೆ. ಅಲ್ಲಿ ಖಾಸಗಿ ಅರಣ್ಯ ಅಂತ ಷರಾ ಇದೆಯೇ ನೋಡಿ, ಇದ್ದರೆ ವಕೀಲರನ್ನು ಕಾಣಿ.